ಕಂಬದ ಮೇಲಿರುವವರಿಗೆ ಹೇಳಬಾರದ ಸುದ್ದಿ

ಈಗ ನಾವು ಫೋನು ಎತ್ತದಿದ್ದರೆ ನಮ್ಮ ಪರವಾಗಿ ಯಂತ್ರವೇ ಮಾತಾಡುತ್ತದೆ. ಹೇಳುವುದೇನಿದ್ದರೂ ಹೇಳಿ ಎನ್ನುತ್ತದೆ. ಹೇಳಿದ್ದನ್ನು ಹಿಡಿದಿಟ್ಟುಕೊಂಡು, ಆ ಮನುಷ್ಯ ಎಲ್ಲೇ ಅಲೆಯುತ್ತಿರಲಿ, ಅವನ ಜೇಬಿನ ಫೋನಿಗೆ ಮುಟ್ಟಿಸುತ್ತದೆ. ನನ್ನ ತಂಗಿಯ ಮಗಳು ಅದನ್ನು ನನಗೆ ಕಲಿಸಿಕೊಡುವಾಗ, “ದೊಡ್ಡಮ್ಮ, ನಿಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ?” ಎಂದಳು. ಇತ್ತು ಮಾರಾಯ್ತಿ, ಆ ಯಂತ್ರ ನಾನೇ ಆಗಿದ್ದೆ ಎಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಶುರು ಮಾಡಿದರೆ ಪೂರ್ತಿ ಹೇಳಬೇಕಾಗುತ್ತದೆ. ಯಂತ್ರಕ್ಕೂ ನನಗೂ ಇದ್ದ ವ್ಯತ್ಯಾಸ ಒಂದೇ. ಯಂತ್ರ ಕೇಳಿಸಿಕೊಂಡದ್ದನ್ನು ಹಾಗೇ ಹೇಳುತ್ತದೆ. ನಾನು ಯೋಚನೆ ಮಾಡಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತೀರ್ಥಹಳ್ಳಿ ತಾಲೂಕಿನ ಒಂದು ಸಣ್ಣ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಹಗಲಿನ ಆಪರೇಟರ್. ಊರಿನ ಹೆಸರು ಬೇಡ, ಆ ಊರು ನನಗೇನೂ ಕೆಟ್ಟದ್ದು ಮಾಡಿಲ್ಲ. ಎಕ್ಸ್‌ಚೇಂಜು ಎಂದರೆ ಬಾಡಿಗೆ ಮನೆಯ ಮುಂದಿನ ಕೋಣೆ. ಒಂದು ಬೋರ್ಡು, ಒಂದು ಎತ್ತರದ ಸ್ಟೂಲು, ಗೋಡೆಗೆ ಒಂದು ಗಡಿಯಾರ. ಬೋರ್ಡಿನಲ್ಲಿ ಒಂದೊಂದು ಲೈನಿಗೂ ಹಿತ್ತಾಳೆಯ ಒಂದೊಂದು ಸಣ್ಣ ಮುಚ್ಚಳ. ಆ ಕಡೆಯವರು ತಮ್ಮ ಫೋನಿನ ಹಿಡಿ ತಿರುಗಿಸಿದರೆ ಅವರ ಮುಚ್ಚಳ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ಪ್ಲಗ್ಗು ಚುಚ್ಚಿ “ನಂಬರ್ ಪ್ಲೀಸ್” ಎನ್ನಬೇಕು. ನಾನು ಹಾಗೆ ಅಂದರೆ ನಮ್ಮ ಊರಿನವರು “ಓ, ನೀವಾ? ಊಟ ಆಯ್ತಾ?” ಎನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಊಟದ ವಿಚಾರ ಆಮೇಲೆ, ನಂಬರ್ ಹೇಳಿ ಎಂದು ರೇಗುತ್ತಿದ್ದೆ. ಆದರೂ ಯಾರೂ ಬೇಸರ ಮಾಡಿಕೊಂಡವರಲ್ಲ.

ನಮ್ಮಲ್ಲಿ ಲೈನ್‌ಮ್ಯಾನುಗಳು ಇಬ್ಬರು. ಒಬ್ಬರು ಮಂಡಗದ್ದೆ ಕಡೆಯ ಲೈನು ನೋಡಿಕೊಳ್ಳುತ್ತಿದ್ದರು. ಇನ್ನೊಬ್ಬರದ್ದು ಅರಳಸುರಳಿ ಕಡೆ. ಈ ಎರಡನೆಯವರ ವಿಚಾರವನ್ನೇ ನಾನು ಬರೆಯುತ್ತಿರುವುದು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮ ಎನ್ನುತ್ತಿದ್ದರು. ಸಣಕಲು ಆಳು. ಕಂಬ ಹತ್ತುವಾಗ ಮಾತ್ರ ಎಲ್ಲಿಂದ ಬರುತ್ತಿತ್ತೋ ಆ ಶಕ್ತಿ. ಬೆಳಗ್ಗೆ ಸೈಕಲ್ಲಿಗೆ ಹಗ್ಗ, ಕತ್ತಿ, ತಂತಿಯ ಸುರುಳಿ, ಬುತ್ತಿ ಕಟ್ಟಿಕೊಂಡು ಹೊರಟರೆ ಬರುವುದು ಸಂಜೆಯೇ. ಲೈನಿನ ಮೇಲೆ ಬಳ್ಳಿ ಹಬ್ಬಿರುತ್ತಿತ್ತು, ಮಂಗ ಜೋತು ತಂತಿ ಸಡಿಲವಾಗಿರುತ್ತಿತ್ತು, ಕಂಬದ ಮೇಲೆ ತಂತಿ ಕಟ್ಟುವ ಪಿಂಗಾಣಿ ಬಟ್ಟಲು ಒಡೆದಿರುತ್ತಿತ್ತು. ಆ ಇಡೀ ಹೊತ್ತು ಅವರು ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಊರಿಗೆಲ್ಲ ಮಾತು ಮುಟ್ಟಿಸುವ ತಂತಿಯ ಮೇಲೇ ಕೂತ ಮನುಷ್ಯನಿಗೆ ಒಂದು ಮಾತು ಮುಟ್ಟಿಸಲು ದಾರಿ ಇರಲಿಲ್ಲ.

ಇದು ನನಗೆ ತಲೆ ತಿನ್ನುತ್ತಿತ್ತು. ಅವರಿಗೆಂದು ಎಷ್ಟೋ ಫೋನು ಬರುತ್ತಿತ್ತು. ಇನ್‌ಸ್ಪೆಕ್ಟರು ಸಾಗರದಿಂದ ಮಾಡಿ ಇಂಥ ಕಡೆ ಲೈನು ಸತ್ತಿದೆ, ಅವನನ್ನು ಅಲ್ಲಿಗೆ ಕಳಿಸಿ ಎನ್ನುತ್ತಿದ್ದರು. ನಾನು ಚೀಟಿ ಬರೆದು ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದೆ. ಸಂಜೆ ಬಂದು ಓದಿದರೆ, ಅದೇ ಜಾಗವನ್ನು ಅವರು ಬೆಳಗ್ಗೆ ತಾನೇ ದಾಟಿ ಬಂದಿರುತ್ತಿದ್ದರು. ಮತ್ತೆ ಮರುದಿನ ಅಷ್ಟು ದೂರ ಸೈಕಲ್ ತುಳಿಯಬೇಕು.

ಒಂದು ದಿನ ಅವರ ಚೀಲದಲ್ಲಿದ್ದ ಫೋನು ನನ್ನ ಕಣ್ಣಿಗೆ ಬಿತ್ತು. ಚರ್ಮದ ಪೆಟ್ಟಿಗೆಯಲ್ಲಿ ಒಂದು ಸಣ್ಣ ಹಿಡಿ, ಒಂದು ರಿಸೀವರು, ತುದಿಯಲ್ಲಿ ಕೊಕ್ಕೆ ಇರುವ ಎರಡು ತುಂಡು ತಂತಿ. ಲೈನು ರಿಪೇರಿ ಆದ ಮೇಲೆ ಕೊಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸಿ, “ಕೇಳ್ತಿದೆಯಾ ಅಮ್ಮಾ?” ಎಂದು ಪರೀಕ್ಷೆ ಮಾಡುವುದಕ್ಕೆ ಕೊಟ್ಟದ್ದು ಅದು. ಇದನ್ನೇ ದಿನಾ ಎರಡು ಹೊತ್ತು ಸಿಕ್ಕಿಸಿದರೆ ಆಗುವುದಿಲ್ಲವೇ ಎಂದೆ. ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ, ಎಲ್ಲಿದ್ದರೂ ಸರಿ, ಹತ್ತಿರದ ಕಂಬ ಹತ್ತಿ ಕೊಕ್ಕೆ ಹಾಕಿ. ಅಷ್ಟರವರೆಗೆ ಬಂದ ಸುದ್ದಿಯನ್ನೆಲ್ಲ ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುತ್ತೇನೆ, ಓದಿ ಹೇಳುತ್ತೇನೆ.

ಅವರು, “ನನ್ನ ಹತ್ರ ವಾಚಿಲ್ಲ ಅಮ್ಮಾ” ಎಂದರು.

“ಬಸ್ಸು ಹೋಗ್ತದಲ್ಲ ಅಣ್ಣ, ಹನ್ನೆರಡರ ಬಸ್ಸು. ಅದು ಹೋದ ತಕ್ಷಣ ಹತ್ತಿ.”

“ಅದು ಹನ್ನೆರಡಕ್ಕೇ ಹೋಗ್ತದೆ ಅಂತ ಯಾರು ಹೇಳಿದ್ದು?”

ನಕ್ಕೆವು. ಬಸ್ಸು ಹೋದಾಗಲೇ ಹನ್ನೆರಡು ಎಂದು ಒಪ್ಪಂದವಾಯಿತು.

ಸರಿಮಾಡಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಅವರು ಕೊಕ್ಕೆ ಹಾಕಿ ಹಿಡಿ ತಿರುಗಿಸಿದರೆ ನನ್ನ ಮುಚ್ಚಳ ಬೀಳುವುದರ ಜೊತೆಗೆ, ಅದೇ ತಂತಿಯ ಕೊನೆಯಲ್ಲಿದ್ದ ಗೌಡರ ಮನೆಯ ಗಂಟೆಯೂ ಹೊಡೆಯುತ್ತಿತ್ತು. ಆ ಮನೆಯ ಅಮ್ಮನವರು ಓಡಿ ಬಂದು ಎತ್ತಿ “ಯಾರ್ರೀ ಅದು?” ಎನ್ನುವುದು, ನಾನು “ನಿಮಗಲ್ಲ, ಇಡಿ” ಎನ್ನುವುದು, ಅವರು ಇಡದೆ ಪೂರ್ತಿ ಕೇಳಿಸಿಕೊಳ್ಳುವುದು. ಕೊನೆಗೆ ಮೂರು ಸಲ ಸಣ್ಣಕ್ಕೆ ತಿರುಗಿಸಿದರೆ ಅದು ಲೈನ್‌ಮ್ಯಾನು, ನೀವು ಎತ್ತಬಾರದು ಎಂದು ಅವರಿಗೆ ತಿಳಿಸಿದೆವು. ಪುಣ್ಯಾತ್ಗಿತ್ತಿ ಹಾಗೇ ನಡೆದುಕೊಂಡರು. ಉದ್ದನೆಯ ಪುಸ್ತಕವೊಂದಕ್ಕೆ ರಟ್ಟು ಹಾಕಿ, ಗೆರೆ ಎಳೆದು, ಯಾರಿಂದ, ಎಷ್ಟು ಹೊತ್ತಿಗೆ, ಏನು ಸುದ್ದಿ, ಎಷ್ಟು ಹೊತ್ತಿಗೆ ಮುಟ್ಟಿಸಿದ್ದು ಎಂದು ನಾಲ್ಕು ಮನೆ ಮಾಡಿದೆ. ಕೊನೆಯ ಮನೆ ತುಂಬಿದಾಗ ನನಗಾಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ. ನನಗಾಗ ಇಪ್ಪತ್ತಾರು ವರ್ಷ. ಊರಿನಲ್ಲಿ ಯಾರಿಗೂ ಹೊಳೆಯದ್ದು ನನಗೆ ಹೊಳೆಯಿತು ಎಂಬ ಜಂಬ ಮೈತುಂಬ ಇತ್ತು.

ಇನ್‌ಸ್ಪೆಕ್ಟರು ಒಪ್ಪಿದರು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಿದರು.

“ಕಂಬದ ಮೇಲಿರೋನಿಗೆ ಕೆಟ್ಟ ಸುದ್ದಿ ಕೊಡಬಾರ್ದು. ಏನೇ ಇರ್ಲಿ, ಆಫೀಸಿನಲ್ಲಿ ಕೆಲಸ ಇದೆ ಬಾ ಅನ್ನಿ. ಬಂದ ಮೇಲೆ, ಕೂರಿಸಿ, ನೀರು ಕೊಟ್ಟು ಹೇಳಿ.”

ಜೋಗದ ಕಡೆ ಹಿಂದೆ ಯಾರೋ ಒಬ್ಬ, ಕಂಬದ ಮೇಲೆ ಕೂತು ಅಪ್ಪನ ಸಾವಿನ ಸುದ್ದಿ ಕೇಳಿ ಕೈ ಬಿಟ್ಟನಂತೆ. ನೋಡಿದವರು ಯಾರೂ ಇಲ್ಲ, ಆದರೆ ಎಲ್ಲ ಲೈನ್‌ಮ್ಯಾನುಗಳೂ ಈ ಕಥೆ ಹೇಳುತ್ತಿದ್ದರು, ಅವರ ಮನೆಯ ಹೆಂಗಸರೂ ನಂಬಿದ್ದರು. ನಮ್ಮ ಫೋನಿನ ತಂತಿ ನೋಡಿದರೆ ಒಂದೂವರೆ ಮಾರು ಇತ್ತೇನೋ. ನೆಲದ ಮೇಲೆ ನಿಂತು ಮಾತಾಡುವ ಹಾಗೇ ಇಲ್ಲ. ಹಾಗಾಗಿ ಲೈನ್‌ಮ್ಯಾನು ನನಗೆ ಸಿಗುತ್ತಿದ್ದದ್ದೇ ಕಂಬದ ಮೇಲೆ. ಕೆಟ್ಟ ಸುದ್ದಿಯೆಲ್ಲ ಸಂಜೆಗೆ ಎಂದಾಯಿತು. ಮಂಡಗದ್ದೆ ಕಡೆಯ ಲೈನ್‌ಮ್ಯಾನಿನ ಅಜ್ಜಿ ತೀರಿಕೊಂಡಾಗ ಹಾಗೇ ಮಾಡಿದೆ. ಆಫೀಸಿಗೆ ಬನ್ನಿ ಎಂದೆ, ಬಂದರು, ಕೂರಿಸಿ ಹೇಳಿದೆ. ಎಷ್ಟು ನಾಜೂಕಾಗಿ ಹೇಳಿದರು ಎಂದು ಎಲ್ಲರೂ ಮೆಚ್ಚಿಕೊಂಡರು. ಆ ಮೆಚ್ಚುಗೆಗಿಷ್ಟು ಬೆಂಕಿ ಹಾಕ.

ಅರಳಸುರಳಿ ಕಡೆಯ ನಮ್ಮ ಅಣ್ಣನ ಹೆಂಡತಿಗೆ ಆಗ ದಿನ ತುಂಬಿತ್ತು. ಮದುವೆಯಾಗಿ ಎಂಟೊಂಬತ್ತು ವರ್ಷವಾದ ಮೇಲೆ ನಿಂತ ಬಸುರು. ಆಕೆಯ ತವರು ಸಾಗರದ ಹತ್ತಿರ, ಹೆರಿಗೆಗೆ ಅಲ್ಲಿಗೇ ಹೋಗಿದ್ದರು. ಹೋದ ದಿನದಿಂದ ಹನ್ನೆರಡು ಗಂಟೆಯ ಮಾತಿಗೆ ಒಂದು ಬಾಲ ಸೇರಿಕೊಂಡಿತು. ಲೈನಿನ ವಿಚಾರ ಎಲ್ಲ ಮುಗಿದ ಮೇಲೆ, “ಸಾಗರದಿಂದ ಎಂತಾದ್ರೂ ಇತ್ತಾ ಅಮ್ಮಾ?” ಎನ್ನುತ್ತಿದ್ದರು. “ಇಲ್ಲ ಅಣ್ಣ” ಎನ್ನುತ್ತಿದ್ದೆ. “ಇಲ್ದಿದ್ರೆ ಒಳ್ಳೇದೇ” ಎಂದು ಕೊಕ್ಕೆ ತೆಗೆಯುತ್ತಿದ್ದರು. ನಾನು ತಮಾಷೆ ಮಾಡುತ್ತಿದ್ದೆ. ಗಂಡು ಹುಟ್ಟಿದರೆ ಒಂದು ಸಲ ರಿಂಗ್ ಮಾಡ್ತೀನಿ, ಹೆಣ್ಣು ಹುಟ್ಟಿದರೆ ಎರಡು ಸಲ ಎಂದು. ಕಂಬದ ಮೇಲಿಂದ ಅವರು ನಗುವುದು ಗರಗರ ಶಬ್ದದ ನಡುವೆಯೂ ಚೆನ್ನಾಗಿ ಕೇಳುತ್ತಿತ್ತು.

ಆ ದಿನ ಹನ್ನೊಂದೂವರೆಗೆ ಹೊಸನಗರದ ಮುಚ್ಚಳ ಬಿತ್ತು. ಹೊಸನಗರದ ಆಪರೇಟರು, “ಸಾಗರದಿಂದ ಅರ್ಜೆಂಟ್ ಕಾಲ್, ತಗೊಳ್ಳಿ” ಎಂದರು. ಆ ಕಡೆ ನಮ್ಮ ಲೈನ್‌ಮ್ಯಾನಿನ ಹೆಂಡತಿಯ ಅಣ್ಣ. ಸಾಗರದ ಆಸ್ಪತ್ರೆಯ ಎದುರಿನ ಅಂಗಡಿಯಿಂದ ಮಾತಾಡುತ್ತಿದ್ದರು. ಬೆಳಗಿನ ಜಾವ ಹೆರಿಗೆಯಾಗಿತ್ತು, ಹೆಣ್ಣು ಮಗು, ಮಗು ಚೆನ್ನಾಗಿತ್ತು. ತಾಯಿಗೆ ರಕ್ತ ನಿಲ್ಲುತ್ತಿರಲಿಲ್ಲ.

“ಭಾವಂಗೆ ಈಗ್ಲೇ ಹೊರಡಕ್ಕೆ ಹೇಳಿ. ಅವಳು ಕೇಳ್ತಾ ಇದಾಳೆ. ಬಂದ್ರಾ, ಬಂದ್ರಾ ಅಂತ ಅದೇ ಒಂದು ಮಾತು.”

ನಾನು ಬರೆದುಕೊಂಡೆ. “ಹನ್ನೆರಡಕ್ಕೆ ಲೈನಿಗೆ ಸಿಗ್ತಾರೆ, ಹೇಳ್ತೀನಿ. ಅವರಿರೋ ದಾರಿಯಲ್ಲೇ ಒಂದೂವರೆಗೆ ಹೊಸನಗರದ ಬಸ್ಸು ಇದೆ. ಅಲ್ಲಿಂದ ಬಸ್ಸು ಹಿಡಿದ್ರೆ ಐದೂವರೆಗೆ ಸಾಗರ ಮುಟ್ಟಬಹುದು” ಎಂದೆ. ಬಸ್ಸುಗಳ ಹೊತ್ತೆಲ್ಲ ನನಗೆ ಬಾಯಿಪಾಠ. ಆ ಮನುಷ್ಯ, “ಐದೂವರೆ. ಆಯ್ತು, ಅವಳಿಗೆ ಹಾಗೇ ಹೇಳ್ತೀನಿ” ಎಂದು ಇಟ್ಟರು.

ಹನ್ನೆರಡಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆಯಲ್ಲಿ ನಾನು ಯೋಚನೆ ಮಾಡಿದೆ ಎಂದೆನಲ್ಲ, ಇದೇ ಅದು. ಅವರು ಕಂಬದ ಮೇಲಿರುತ್ತಾರೆ. ಹೆಂಡತಿಗೆ ಹೀಗಾಗಿದೆ ಎಂದರೆ ಕೈ ನಡುಗದೆ ಇರುತ್ತದೆಯೇ? ಇವರೂ ಬಿದ್ದರೆ ಆ ಮಗುವಿಗೆ ಯಾರು? ಇನ್‌ಸ್ಪೆಕ್ಟರು ಹೇಳಿದ ಹಾಗೆ, ಕೆಲಸ ಇದೆ, ಈಗಲೇ ಆಫೀಸಿಗೆ ಬನ್ನಿ ಎನ್ನುವುದೇ ಸರಿ. ಸೈಕಲ್ಲಿನಲ್ಲಿ ಒಂದು ಗಂಟೆಗೆ ಬಂದರೆ, ಕೂರಿಸಿ ಹೇಳಿ, ಅದೇ ಬಸ್ಸನ್ನು ನಮ್ಮ ಊರಿನಲ್ಲೇ ಹತ್ತಿಸಬಹುದು. ನಮ್ಮಲ್ಲಿಂದ ಅದು ಹೊರಡುವುದು ಒಂದು ಗಂಟೆಗೆ. ಹೊತ್ತು ಬಿಗಿಯಾಯಿತು, ಆದರೂ ಆಗುತ್ತದೆ. ಬೇಕಿದ್ದರೆ ಬಸ್ಸನ್ನು ಐದು ನಿಮಿಷ ನಿಲ್ಲಿಸಿಕೊಳ್ಳಬಹುದು. ಎಷ್ಟು ಚೆನ್ನಾಗಿ ಲೆಕ್ಕ ಹಾಕಿದೆ ನೋಡಿ. ಬುದ್ಧಿವಂತೆ.

ಅರಳಸುರಳಿ ಲೈನಿನ ಮುಚ್ಚಳ ಬಿತ್ತು. ಮೂರು ಸಣ್ಣ ಸುತ್ತು.

“ಅಣ್ಣ, ಆಫೀಸಿನಲ್ಲಿ ಕೆಲಸ ಇದೆ. ಈಗ್ಲೇ ಹೊರಟು ಬನ್ನಿ” ಎಂದೆ.

“ಎಂತ ಕೆಲಸ?”

“ಬನ್ನಿ, ಹೇಳ್ತೀನಿ.”

“ಇನ್ನು ನಾಲ್ಕೇ ಕಂಬ ಬಾಕಿ ಅಮ್ಮಾ. ಇವತ್ತು ಮುಗಿಸಿಬಿಟ್ರೆ ನಾಳೆಯಿಂದ ರಜ ಹಾಕಿ ಸಾಗರಕ್ಕೆ ಹೋಗ್ಬಹುದು ಅಂತ ಮಾಡಿದ್ದೆ.” ಆಮೇಲೆ ಎಂದಿನಂತೆ ಕೇಳಿದರು, “ಸಾಗರದಿಂದ ಎಂತಾದ್ರೂ ಬಂದಿತ್ತಾ?”

ನನ್ನ ಎದುರಿಗೆ ಪುಸ್ತಕ ತೆರೆದೇ ಇತ್ತು. ನನ್ನದೇ ಅಕ್ಷರ, ಶಾಯಿ ಇನ್ನೂ ಹಸಿಯಾಗಿದ್ದ ಹಾಗೆ ಕಾಣುತ್ತಿತ್ತು. ಅವಳು ಕೇಳುತ್ತಿದ್ದಾಳೆ ಎಂದು ಬರೆದುಕೊಂಡಿದ್ದೆ.

“ಇಲ್ಲ” ಎಂದೆ.

“ಇಲ್ದಿದ್ರೆ ಒಳ್ಳೇದೇ. ಹಾಗಾದ್ರೆ ಮುಗಿಸ್ಕಂಡೇ ಬರ್ತೀನಿ. ಆಫೀಸಿನ ಕೆಲಸ ಎಲ್ಲಿಗೂ ಓಡಿಹೋಗಲ್ಲ.”

“ಅಣ್ಣ, ಇಲ್ಲ, ಕೇಳಿ” ಎನ್ನುವಷ್ಟರಲ್ಲಿ ಕೊಕ್ಕೆ ತೆಗೆದಾಗಿತ್ತು. ನಾನು ಹಿಡಿ ತಿರುಗಿಸಿದೆ, ಮತ್ತೆ ಮತ್ತೆ ತಿರುಗಿಸಿದೆ. ಗೌಡರ ಮನೆಯಲ್ಲಿ ಗಂಟೆ ಹೊಡೆದಿರಬೇಕು. ಹನ್ನೆರಡು ಗಂಟೆಯ ಹೊತ್ತು, ಅದು ಲೈನ್‌ಮ್ಯಾನಿನದ್ದೇ ಎಂದು ಅವರು ಎತ್ತಲಿಲ್ಲ. ಎತ್ತಬಾರದು ಎಂದು ಹೇಳಿಕೊಟ್ಟವಳು ನಾನೇ.

ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದಾಗ ಗೌಡರ ಮನೆಯ ಅಮ್ಮ ಎತ್ತಿದರು. ಲೈನ್‌ಮ್ಯಾನು ಎಲ್ಲಾದರೂ ಕಾಣುತ್ತಿದ್ದಾರಾ ಎಂದೆ. ಗಂಡಸರೆಲ್ಲ ಗದ್ದೆಯ ಕಡೆ ಹೋಗಿದ್ದಾರೆ, ಬಂದರೆ ಹುಡುಕಲು ಕಳಿಸುತ್ತೇನೆ ಎಂದರು. ಏನು ವಿಷಯ ಎಂದೂ ಕೇಳಿದರು. ಅವರಿಗಾದರೂ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಕಂಬದ ಬುಡದಲ್ಲಿ ನಿಂತು ಯಾರಾದರೂ ಕೂಗಿಬಿಟ್ಟರೆ ಎಂದು ಹೆದರಿದೆ. ಆಫೀಸಿನ ಕೆಲಸ, ಸಿಕ್ಕರೆ ಕಳಿಸಿ ಎಂದೆ ಅಷ್ಟೆ. ಆಫೀಸಿನ ಕೆಲಸಕ್ಕೆ ಯಾರು ಬಿಸಿಲಲ್ಲಿ ಓಡಿ ಹುಡುಕುತ್ತಾರೆ? ಒಂದು ಗಂಟೆಗೆ ಹೊಸನಗರದ ಬಸ್ಸು ನಮ್ಮ ಎಕ್ಸ್‌ಚೇಂಜಿನ ಎದುರಿನಿಂದಲೇ ಹೋಯಿತು. ಬೋರ್ಡು ಬಿಟ್ಟು ಏಳುವಂತಿರಲಿಲ್ಲ, ಕಿಟಕಿಯಿಂದ ನೋಡಿದೆ. ಏಳುವಂತಿರಲಿಲ್ಲ ಎನ್ನುವುದೂ ಸುಳ್ಳೇ. ಎರಡು ನಿಮಿಷ ಎದ್ದು ಓಡಿ ಕಂಡಕ್ಟರಿಗೆ ಹೇಳಿದ್ದರೆ ಎಕ್ಸ್‌ಚೇಂಜೇನೂ ಬಿದ್ದುಹೋಗುತ್ತಿರಲಿಲ್ಲ. ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಮೂರು ಗಂಟೆಗೆ ಸಾಗರದಿಂದ ಮತ್ತೆ ಕಾಲ್ ಬಂತು. ಅದೇ ಅಂಗಡಿ, ಅದೇ ಮನುಷ್ಯ. ದನಿ ಒಡೆದಿತ್ತು.

“ಭಾವಂಗೆ ಹೇಳಿದ್ರಾ?”

ಇಲ್ಲಿ ನನಗೊಂದು ಅವಕಾಶ ಇತ್ತು. ಇಲ್ಲ ರೀ, ಹೇಳಲಾಗಲಿಲ್ಲ, ತಪ್ಪಾಯಿತು ಎನ್ನಬಹುದಿತ್ತು. ಬೈಯುತ್ತಿದ್ದರು. ಬೈಸಿಕೊಂಡು ಸುಮ್ಮನಿರುವುದೇನೂ ದೊಡ್ಡ ಕಷ್ಟವಲ್ಲ. ಆದರೆ ಅದುವರೆಗೆ ಆ ಪುಸ್ತಕದ ಕೊನೆಯ ಮನೆ ಒಂದು ಸಲವೂ ಖಾಲಿ ಉಳಿದಿರಲಿಲ್ಲ. ನನಗೆ ನಾಚಿಕೆಯಾಯಿತು.

“ಹೇಳಿದ್ದೀನಿ” ಎಂದೆ.

“ಹೊರಟ್ರಂತಾ?”

“ಹ್ಞೂಂ.”

ಆ ಕಡೆ ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. “ಅಷ್ಟು ಹೇಳಿದ್ರೆ ಅವಳಿಗೆ ಜೀವ ಬಂದ ಹಾಗಾಗ್ತದೆ” ಎಂದು ಇಟ್ಟರು.

ಆಮೇಲೆ ನನಗೆ ನಿಜವಾಗಿ ಹೆದರಿಕೆ ಶುರುವಾಯಿತು. ಮೂರೂವರೆಗೆ ಆ ಕಡೆ ಹೋಗುವ ಇನ್ನೊಂದು ಬಸ್ಸು ಬಂದಾಗ ಓಡಿಹೋಗಿ ಕಂಡಕ್ಟರಿಗೆ ಚೀಟಿ ಕೊಟ್ಟೆ. ಈ ಸಲ ಎಲ್ಲ ಬರೆದಿದ್ದೆ. ಕಂಬ ಹತ್ತಿದ್ದರೆ ಇಳಿದ ಮೇಲೆ ಕೊಡಿ ಎಂದೆ. ಬಸ್ಸು ಹೋಯಿತು. ಕಂಡಕ್ಟರು ದಾರಿಯುದ್ದಕ್ಕೂ ಬಾಗಿಲಲ್ಲೇ ನಿಂತು ನೋಡಿಕೊಂಡು ಹೋದರಂತೆ. ನಮ್ಮ ಅಣ್ಣ ಆ ಹೊತ್ತಿಗೆ ಕೆಲಸ ಮುಗಿಸಿ, ರಸ್ತೆ ಬಿಟ್ಟು ಒಳಗೆ, ಕಾಡಂಚಿನ ಒಂದು ಮನೆಗೆ ಹೋಗಿದ್ದರು. ಬಾಣಂತಿಗೆ ಬೇಕಾಗುತ್ತದೆ ಎಂದು ಜೇನುತುಪ್ಪ ಹೇಳಿಟ್ಟಿದ್ದರಂತೆ, ಅದನ್ನು ತರುವುದಕ್ಕೆ. ನಾಲ್ಕಕ್ಕೆ ಮುಚ್ಚಳ ಬೀಳಲಿಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಕಂಬ ಹತ್ತುವುದೇಕೆ ಎಂದುಕೊಂಡಿರಬೇಕು.

ಐದೂವರೆಗೆ ಸೈಕಲ್ಲು ಒರಗಿಸಿ ಒಳಗೆ ಬಂದರು. ಕೈಯಲ್ಲಿ ಜೇನಿನ ಬಾಟಲಿ. ಬಾಯಿಗೆ ಬಾಳೆ ಎಲೆ ಕಟ್ಟಿತ್ತು. “ಎಂತ ಕೆಲಸ ಅಮ್ಮಾ?” ಎಂದರು. ಮುಖ ಗೆಲುವಾಗಿತ್ತು.

ಕೂರಿಸಿ ನೀರು ಕೊಡಬೇಕೆಂದು ಇನ್‌ಸ್ಪೆಕ್ಟರು ಹೇಳಿದ್ದರಲ್ಲ, ಅದೆಲ್ಲ ನನಗೆ ಆಗಲಿಲ್ಲ. ನಿಂತವರಿಗೆ ನಿಂತಲ್ಲೇ ಹೇಳಿಬಿಟ್ಟೆ. ಅವರು ಬೀಳಲಿಲ್ಲ. ನಡುಗಲೂ ಇಲ್ಲ.

“ಎಷ್ಟು ಹೊತ್ತಿಗೆ ಬಂತು ಫೋನು?” ಎಂದರು.

“ಹನ್ನೊಂದೂವರೆಗೆ.”

ಗೋಡೆಯ ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು. ಹೊಸನಗರದ ಕಡೆ ಹೋಗುವ ಮರದ ಲಾರಿಯೊಂದನ್ನು ಕೈ ಅಡ್ಡ ಹಾಕಿ ಹತ್ತಿದರೆಂದು ಆಮೇಲೆ ಗೊತ್ತಾಯಿತು.

ನಾನು ಡ್ಯೂಟಿ ಬಿಡುವ ಹೊತ್ತಿಗೆ, ಏಳಕ್ಕೆ ಸ್ವಲ್ಪ ಮೊದಲು, ಹೊಸನಗರದ ಆಪರೇಟರು ರಿಂಗ್ ಮಾಡಿದರು. ಸಾಗರದಿಂದ ಸುದ್ದಿ ಎಂದು ಅವರೇ ಹೇಳಿದರು. ಕಾಲ್ ಕೊಡಲಿಲ್ಲ. ಆ ಕಡೆಯವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲವಂತೆ. ಅಣ್ಣನ ಹೆಂಡತಿ ಆರೂವರೆಗೆ ತೀರಿಹೋಗಿದ್ದರು.

ಆರೂವರೆ. ಐದೂವರೆಗೆ ಬಸ್ಸು ಮುಟ್ಟುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಓಡಿದರೆ ಕಾಲು ಗಂಟೆ. ಇದನ್ನು ನಾನು ಎಷ್ಟು ಸಲ ಕೂಡಿಸಿ ಕಳೆದಿದ್ದೇನೋ ದೇವರಿಗೇ ಗೊತ್ತು. ಪ್ರತಿ ಸಲವೂ ಮುಕ್ಕಾಲು ಗಂಟೆ ಉಳಿಯುತ್ತದೆ. ಆಕೆ ಬದುಕುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಗಂಡ ಹೋಗಿ ಕೂತ ಮಾತ್ರಕ್ಕೆ ರಕ್ತ ನಿಲ್ಲುವುದಿಲ್ಲ. ಆದರೆ ಮುಕ್ಕಾಲು ಗಂಟೆ ಕೈ ಹಿಡಿದುಕೊಂಡು ಕೂರಬಹುದಿತ್ತು. ಅಷ್ಟನ್ನು ನಾನು ತಿಂದುಹಾಕಿದೆ.

ಮರುದಿನ ಒಳಕೋಣೆಯ ಸಾಮಾನಿನ ಪೆಟ್ಟಿಗೆ ತೆಗೆದು ನೋಡಿದೆ. ಹೊದಿಕೆ ಇರುವ ತಂತಿಯ ಸುರುಳಿ ಬೇಕಾದಷ್ಟು ಬಿದ್ದಿತ್ತು. ಮಂಡಗದ್ದೆ ಕಡೆಯ ಲೈನ್‌ಮ್ಯಾನಿಗೆ ಹೇಳಿ, ಕಂಬದ ತುದಿಯಿಂದ ನೆಲದವರೆಗೆ ಬರುವಷ್ಟು ಅಳೆದು, ಫೋನಿನ ತುಂಡು ತಂತಿಗೆ ಸೇರಿಸಲು ಹೇಳಿದೆ. ಕೊಕ್ಕೆ ಹಾಕಿ ಇಳಿದು ಬಂದು ನೆಲದ ಮೇಲೆ ನಿಂತು ಮಾತಾಡಬಹುದು. ಹತ್ತು ನಿಮಿಷದ ಕೆಲಸ. ಇನ್‌ಸ್ಪೆಕ್ಟರು ಕೇಳಿ, ಒಳ್ಳೇ ಐಡಿಯಾ, ಮೊದಲೇ ಯಾಕೆ ಮಾಡ್ಲಿಲ್ಲ ಎಂದರು. ಅವರ ಮೇಲೆ ರೇಗುವ ಹಕ್ಕೂ ನನಗಿರಲಿಲ್ಲ. ಗೆರೆ ಎಳೆಯುವುದಕ್ಕೆ, ರಟ್ಟು ಹಾಕುವುದಕ್ಕೆ ಒಂದು ತಿಂಗಳು ಕೂತವಳಿಗೆ ಇದು ಹೊಳೆಯಲಿಲ್ಲ. ಹೊಗಳಿಸಿಕೊಳ್ಳುವುದರಲ್ಲೇ ಇದ್ದೆ.

ಅಣ್ಣ ಮೂರು ವಾರ ಬರಲಿಲ್ಲ. ಮಗುವನ್ನು ಅಜ್ಜಿಮನೆಯಲ್ಲೇ ಬಿಟ್ಟಿದ್ದಾರಂತೆ ಎಂದು ಸುದ್ದಿ ಬಂತು. ಹೆಂಡತಿಯ ಕಡೆಯವರು ಇವರನ್ನು ಮಾತಾಡಿಸುತ್ತಿಲ್ಲವಂತೆ ಎಂದೂ ಬಂತು. ಅದು ಯಾಕೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಯಾಕಂತೆ ಎಂದು ಸುದ್ದಿ ತಂದವರನ್ನು ಕೇಳಿದೆ. ನಾನು ಎಂಥವಳು ಎಂದು ಇದರಿಂದ ತಿಳಿಯಬಹುದು.

ಬಂದ ದಿನ ಬೆಳಗ್ಗೆ ನೇರ ನನ್ನ ಬೋರ್ಡಿನ ಹತ್ತಿರ ಬಂದು ನಿಂತರು. ಗಡ್ಡ ಬಂದಿತ್ತು. ಕೂರಿ ಅಣ್ಣ ಎಂದೆ, ಕೂರಲಿಲ್ಲ.

“ಒಂದು ಕೇಳಬೇಕಿತ್ತು ಅಮ್ಮಾ. ಅವಳ ಅಣ್ಣ ಮೂರು ಗಂಟೆಗೆ ಇನ್ನೊಂದ್ಸಲ ಫೋನ್ ಮಾಡಿದ್ದ ಅಂತಾನೆ. ಭಾವಂಗೆ ಹೇಳಿದ್ದೀನಿ, ಹೊರಟಿದಾರೆ ಅಂತ ನೀವು ಹೇಳಿದ್ರಿ ಅಂತಾನೆ. ನಾನು ಇಲ್ಲ, ಆಯಮ್ಮ ಅಂಥೋರಲ್ಲ, ನೀನೇ ತಪ್ಪು ತಿಳ್ಕಂಡಿದೀಯ ಅಂದೆ. ಎಷ್ಟು ಹೇಳಿದ್ರೂ ನಂಬ್ತಾ ಇಲ್ಲ. ಅವನು ಹೇಳೋದು ಹೌದಾ?”

ನನ್ನ ಪರವಾಗಿ ಅಲ್ಲಿ ಜಗಳ ಆಡಿ ಬಂದಿದ್ದರು.

“ಹೌದು” ಎಂದೆ. “ನಾನು ಹಾಗೇ ಹೇಳಿದೆ. ಸುಳ್ಳು ಹೇಳಿದೆ.”

ಅವರು ಬೈಯಲಿ ಎಂದು ಕಾದೆ. ಬೈಯಲಿಲ್ಲ. ನನಗೆ ತಡೆಯಲಾಗಲಿಲ್ಲ, ನಾನೇ ಮಾತಾಡಿದೆ. ಈಗಲೇ ಒಂದು ಕಾಗದ ಬರೆಯುತ್ತೇನೆ, ನಿಮಗೆ ಹೇಳಿರಲೇ ಇಲ್ಲ, ತಪ್ಪೆಲ್ಲ ನನ್ನದು ಎಂದು ಸಹಿ ಹಾಕಿ ಕೊಡುತ್ತೇನೆ, ಬೇಕಿದ್ದರೆ ನಾನೇ ಸಾಗರಕ್ಕೆ ಬಂದು ಅವರೆಲ್ಲರ ಎದುರು ಹೇಳುತ್ತೇನೆ ಎಂದೆ.

ಅವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ನೆಲ ನೋಡುತ್ತಾ ಹೇಳಿದರು.

“ಅವಳ ಅಣ್ಣ ಐದೂವರೆ ಬಸ್ಸಿಗೆ ಬಂದು ನಿಂತಿದ್ನಂತೆ. ಎಲ್ಲರೂ ಇಳಿಯೋವರೆಗೂ ನೋಡಿದ್ನಂತೆ. ವಾಪಸ್ ಹೋದ ಕೂಡ್ಲೇ ಅವಳು, ಬಂದ್ರಾ ಅಂತ ಕೇಳಿದ್ಲಂತೆ. ಇಲ್ಲ, ಅದ್ರಲ್ಲಿ ಬರ್ಲಿಲ್ಲ ಅಂದ್ನಂತೆ. ಆಮೇಲೆ ಅವಳು ಕೇಳ್ಲೇ ಇಲ್ವಂತೆ. ಗೋಡೆ ಕಡೆ ತಿರುಗಿ ಮಲಗಿದ್ಲಂತೆ.”

ಬೋರ್ಡಿನಲ್ಲಿ ಎರಡು ಮುಚ್ಚಳ ಬಿದ್ದಿದ್ದವು. ನಾನು ಪ್ಲಗ್ಗು ಮುಟ್ಟಲಿಲ್ಲ.

“ಅವರಿಗೆ ನೀವು ಕಾಗದ ಬರೀಬಹುದು ಅಮ್ಮಾ” ಎಂದರು. “ಅವರು ನಂಬ್ತಾರೆ. ಅವಳಿಗೆ ಹೇಳೋದು ಹೇಗೆ? ಗೊತ್ತಿದ್ದೂ ನಾನು ಬರ್ಲಿಲ್ಲ ಅಂತ ತಿಳ್ಕಂಡೇ ಹೋದ್ಲಲ್ಲ.”

ಕಾಗದ ಬರೆದೆ. ಅದನ್ನು ಅವರು ಸಾಗರಕ್ಕೆ ಒಯ್ದು ತೋರಿಸಿದರು. ಆ ಮನೆಯವರು ನಂಬಿದರು, ಮಗುವನ್ನು ಇವರ ಕೈಗೆ ಕೊಟ್ಟರು. ಸುಳ್ಳು ಹೇಳಿದವಳು ನಾನು ಎಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು. ತೀರಿಹೋದ ಆಕೆಯೊಬ್ಬರಿಗೆ ಮಾತ್ರ, ಗೊತ್ತಿದ್ದೂ ಬಾರದೆ ಉಳಿದವರು ಗಂಡನೇ.